ಕನ್ನಡಿಯೊಳಗಿನ ಮೊಗ್ಗಿನ ಜಡೆ: ಮದುವೆ ವಿಶೇಷಾಂಕದ ಎಂಟು ಪುಟ ಕಟ್ಟಿದ ದಿನಚರಿ

ನಮ್ಮ ಸೋದರತ್ತೆಯ ಹತ್ತಿರ ಒಂದು ಫೋಟೊ ಇದೆ. 1968ರಲ್ಲಿ, ಮದುವೆಯಾದ ವಾರದಲ್ಲೇ, ಮೈಸೂರಿನ ಸ್ಟುಡಿಯೋ ಒಂದರಲ್ಲಿ ತೆಗೆಸಿದ್ದು. ಅತ್ತೆ ಧಾರೆ ಸೀರೆ ಉಟ್ಟು ನಿಂತಿದ್ದಾರೆ. ಹಿಂದೆ ನಿಲುವುಗನ್ನಡಿ. ಮುಖ ನಮ್ಮ ಕಡೆ, ಮೊಗ್ಗಿನ ಜಡೆ ಕನ್ನಡಿಯಲ್ಲಿ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳ ಆಲ್ಬಂನಲ್ಲಿ ಇಂಥದ್ದೊಂದು ಫೋಟೊ ಇರುತ್ತದೆ. ನಿಮ್ಮ ಮನೆಯಲ್ಲೂ ಇರಬಹುದು. ಅರ್ಧ ದಿನ ಕೂತು ಕಟ್ಟಿದ ಜಡೆ ರಾತ್ರಿಯೊಳಗೆ ಅರಳಿಬಿಡುತ್ತದೆ. ಅಷ್ಟರಲ್ಲಿ ಅದನ್ನು ಹಿಡಿದಿಡಬೇಕು, ಮುಖವೂ ಬರಬೇಕು. ಅದಕ್ಕೆ ಸ್ಟುಡಿಯೋದವರು ಕಂಡುಕೊಂಡ ಉಪಾಯ ಆ ಕನ್ನಡಿ.

ಈ ಸಲ ಮದುವೆ ವಿಶೇಷಾಂಕಕ್ಕೆ ಎಂಟು ಪುಟದ ಫ್ಯಾಷನ್ ಕಥೆ ಮಾಡಿಕೊಡಿ ಎಂದು ಸಂಪಾದಕರು ಕೇಳಿದಾಗ ನಾನು ಆ ಫೋಟೊವನ್ನೇ ಅವರ ಮುಂದಿಟ್ಟೆ. ಎಲ್ಲ ಪುಟಗಳೂ ಬೆನ್ನಿನ ಕಡೆಯಿಂದ ಅಂತ ಹೇಳಿದೆ. ಮದುವೆ ಪತ್ರಿಕೆಗಳಲ್ಲಿ ಮದುಮಗಳು ಯಾವಾಗಲೂ ಮುಂದೆ ನೋಡಿ ನಗುತ್ತಿರುತ್ತಾಳೆ. ಆದರೆ ಅವಳನ್ನು ಅಲಂಕರಿಸಿದವರ ಕೈಕೆಲಸ ಜಾಸ್ತಿ ಇರುವುದು ಹಿಂದೆ. ಜಡೆ, ರಾಗಟೆ, ಜಡೆಬಿಲ್ಲೆ, ಕುಚ್ಚು, ರವಿಕೆಯ ಬೆನ್ನು, ಇಳಿಬಿಟ್ಟ ಸೆರಗು ಎಲ್ಲ ಅಲ್ಲೇ. ಮಂಟಪದ ಹಿಂದೆ ನಿಂತ ಅಕ್ಕ ತಂಗಿಯರು ಎರಡು ಗಂಟೆ ನೋಡುವುದೂ ಅದನ್ನೇ ಅಲ್ವಾ?

ಸಂಪಾದಕರು ಒಪ್ಪಿದರು, ಒಂದು ಷರತ್ತಿನ ಮೇಲೆ: ಮೊದಲ ಪುಟದಲ್ಲಿ ಮುಖ ಕಾಣಲೇಬೇಕು. ಕನ್ನಡಿ ಇದೆಯಲ್ಲ, ಕಾಣುತ್ತದೆ ಎಂದೆ.

ಶೂಟ್‌ಗೆ 24 ದಿನ: ಗೋಡೆ ಮೇಲೆ ಎಂಟು ಪುಟ

ನಾನು ಮೊದಲು ಕಂಪ್ಯೂಟರ್ ಮುಟ್ಟುವುದಿಲ್ಲ. ಎಂಟು ಬಿಳಿ ಹಾಳೆ ಗೋಡೆಗೆ ಅಂಟಿಸಿ, ಎದುರುಬದುರು ಬರುವ ಪುಟಗಳನ್ನು ಜೋಡಿ ಮಾಡಿ, ಪೆನ್ಸಿಲ್‌ನಲ್ಲಿ ಮೂರು ಮದುಮಗಳನ್ನು ಹಂಚಿದೆ. ಹಳೇ ಮೈಸೂರಿನವಳು, ಧಾರೆ ಸೀರೆ ಮತ್ತು ಮೊಗ್ಗಿನ ಜಡೆಯಲ್ಲಿ, ನಾಲ್ಕು ಪುಟ. ಕೊಡಗಿನವಳಿಗೆ ಎರಡು. ಬಾಗಲಕೋಟೆ ಕಡೆಯವಳಿಗೆ ಎರಡು.

ಕೊಡಗನ್ನು ಬಿಡುವ ಮಾತೇ ಇರಲಿಲ್ಲ. ಕೊಡವರ ಉಡುಗೆಯಲ್ಲಿ ನಿರಿಗೆ ಬರುವುದೇ ಹಿಂದೆ. ಸೆರಗು ಎಡ ತೋಳಿನ ಕೆಳಗಿನಿಂದ ಎದೆಯ ಮೇಲೆ ಹಾದು ಬಲ ಭುಜದ ಮೇಲೆ ನಿಲ್ಲುತ್ತದೆ. ಮುಂದಿನಿಂದ ಫೋಟೊ ತೆಗೆದರೆ ಆ ಉಡುಗೆಯ ಅರ್ಧ ಚೆಂದ ಕಾಣುವುದೇ ಇಲ್ಲ.

ಬಾಗಲಕೋಟೆಯವಳಿಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಇನ್ನೊಂದು ಪುಟಕ್ಕೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ. ಸಭೆಯಲ್ಲಿ ಒಬ್ಬರು, 'ಮದುವೆ ಪುಟದಲ್ಲಿ ಕಪ್ಪೇ?' ಎಂದು ಹುಬ್ಬೇರಿಸಿದರು. ಉತ್ತರ ಕರ್ನಾಟಕದಲ್ಲಿ ಮದುಮಗಳಿಗೆ ಕೊಡುತ್ತಿದ್ದ ಸೀರೆಗಳಲ್ಲಿ ಚಂದ್ರಕಾಳಿಯೂ ಒಂದು ಎಂದು ವಿವರಿಸಿದೆ. ಬೆಂಗಳೂರಿನ ರೂಢಿಯೇ ಇಡೀ ನಾಡಿನ ರೂಢಿ ಅಲ್ಲ. ಆ ಪುಟಕ್ಕೆ ಇನ್ನೂ ಒಂದು ಕಾರಣ ಇತ್ತು. ಕಸೂತಿಯ ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಕಡೆ ಒಂದೇ ತರಹ ಕಾಣುತ್ತವೆ, ಹಿಂದೆ ಗಂಟು ಇರುವುದಿಲ್ಲ. ಬೆನ್ನಿನ ಕಥೆ ಹೇಳುವಾಗ ಬೆನ್ನೂ ಮುಖದಷ್ಟೇ ಚೆನ್ನಾಗಿರುವ ಹೊಲಿಗೆಯನ್ನು ಬಿಡಲು ಮನಸ್ಸು ಬರಲಿಲ್ಲ.

ಹಾಳೆಗಳ ಪಕ್ಕ ಬೇಲೂರಿನ ದರ್ಪಣ ಸುಂದರಿಯ ಚಿತ್ರ ಅಂಟಿಸಿದೆ. ಕೈಯಲ್ಲಿ ಕನ್ನಡಿ ಹಿಡಿದು ನಿಂತ ಆ ಮದನಿಕೆಯ ತಲೆ ಎಷ್ಟು ವಾಲಿದೆ, ಸೊಂಟ ಎಲ್ಲಿ ತಿರುಗಿದೆ ಎಂದು ಮಾಡೆಲ್‌ಗೆ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ.

20 ದಿನ: ಸೀರೆ ಹರಿದಿತ್ತು

ಅತ್ತೆ ಮದುವೆಯ ಧಾರೆ ಸೀರೆಯನ್ನೇ ಕೊಟ್ಟರು. ಕೆನೆ ಬಣ್ಣದ ರೇಷ್ಮೆ, ಕೆಂಪು ಅಂಚು, ಜರಿ. 'ಉಡಿಸೇ ಪುಟ್ಟೀ, ಪೆಟ್ಟಿಗೆಯಲ್ಲಿಟ್ಟು ಏನು ಮಾಡಲಿ' ಎಂದರು. ಮನೆಗೆ ತಂದು ಊಟದ ಮೇಜಿನ ಮೇಲೆ ಹತ್ತಿ ಹೊದಿಕೆ ಹಾಸಿ ಬಿಡಿಸಿದೆ. ಮಡಿಕೆ ಬಿದ್ದಲ್ಲೆಲ್ಲ ರೇಷ್ಮೆ ಗೆರೆಗೆರೆಯಾಗಿ ಸವೆದಿತ್ತು. ಅಂಚಿನ ಪಕ್ಕದಲ್ಲಿ ನಾಲ್ಕು ಬೆರಳಷ್ಟು ಉದ್ದ ಹರಿದಿತ್ತು. ಜರಿ ಕಪ್ಪಾಗಿತ್ತು.

ಒಗೆಯಬಹುದಾ ಎಂದು ಮೊದಲು ನೋಡಬೇಕು. ಹತ್ತಿಯ ಉಂಡೆ ಒದ್ದೆ ಮಾಡಿ ಕೆಂಪು ಅಂಚಿನ ಒಳಮೂಲೆಯಲ್ಲಿ ಒಂದು ನಿಮಿಷ ಒತ್ತಿ ಹಿಡಿದೆ. ತೆಗೆದಾಗ ಹತ್ತಿ ತೆಳು ಗುಲಾಬಿ. ಅಂದರೆ ನೀರು ಬಿದ್ದರೆ ಕೆಂಪು ಬಿಟ್ಟು ಕೆನೆ ಒಡಲಿಗೆ ಹತ್ತುತ್ತದೆ. ಒಗೆಯುವ ವಿಚಾರ ಅಲ್ಲಿಗೇ ಕೈಬಿಟ್ಟೆ. ಒಂದು ದಿನ ನೆರಳಲ್ಲಿ ಗಾಳಿಗೆ ಹರವಿದೆ, ಅಷ್ಟೇ.

ಹರಿದಲ್ಲಿ ರಫೂ ಮಾಡಿಸೋಣ ಎಂದುಕೊಂಡಿದ್ದೆ. ಹಳೆಯ ರೇಷ್ಮೆಯನ್ನು ಬೆಳಕಿಗೆ ಹಿಡಿದಾಗ ಆ ಯೋಚನೆಯೂ ಹೋಯಿತು. ರಫೂದಲ್ಲಿ ಸುತ್ತಲಿನ ಬಟ್ಟೆ ಹೊಸ ಎಳೆಯನ್ನು ಹೊರಬೇಕು, ಇಲ್ಲಿ ಸುತ್ತಲೂ ಜೀವ ಇರಲಿಲ್ಲ. ಅದಕ್ಕೆ ಹಿಂದಿನಿಂದ ಆಸರೆ ಕೊಡುವುದೇ ಸರಿ. ತೆಳ್ಳಗಿನ ಮಲ್ ಬಟ್ಟೆ ತಂದೆ. ಅಚ್ಚ ಬಿಳಿ ಆಗಿದ್ದರಿಂದ ಹರಿದ ಸಂದಿಯಲ್ಲಿ ಎದ್ದು ಕಾಣುತ್ತಿತ್ತು. ತೆಳು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದೆ. ಒಂದು ಸಲಕ್ಕೆ ಸಾಲಲಿಲ್ಲ, ಎರಡನೇ ಸಲಕ್ಕೆ ಕೆನೆ ಬಂತು. ಬಣ್ಣ ಹೊಂದಿಸುವುದನ್ನು ಹಗಲು ಬೆಳಕಿನಲ್ಲೇ ಮಾಡಿ. ರಾತ್ರಿ ಬಲ್ಬಿನ ಕೆಳಗೆ ಸರಿ ಕಂಡದ್ದು ಬೆಳಿಗ್ಗೆ ಬೇರೆಯೇ ಇರುತ್ತದೆ.

ಹರಿದ ಜಾಗಕ್ಕಿಂತ ಎಲ್ಲ ಕಡೆ ಎರಡು ಬೆರಳು ಜಾಸ್ತಿ ಬಿಟ್ಟು ತುಂಡು ಕತ್ತರಿಸಿದೆ. ಮಲ್‌ನ ನೂಲು ಸೀರೆಯ ನೂಲಿನ ದಿಕ್ಕಿಗೇ ಕೂರಬೇಕು, ಇಲ್ಲದಿದ್ದರೆ ಉಟ್ಟಾಗ ಒಂದು ಕಡೆ ಎಳೆಯುತ್ತದೆ. ಹೊಲಿಯಲು ಸೀರೆಯ ತುದಿಯಿಂದಲೇ ಒಂದು ಎಳೆ ತೆಗೆದು ನೋಡಿದೆ, ಎಳೆದ ತಕ್ಷಣ ತುಂಡಾಯಿತು. ಚಿಕ್ಕಪೇಟೆಯಿಂದ ರೇಷ್ಮೆ ದಾರ ತಂದು, ಅದನ್ನು ಬಿಡಿಸಿ ಒಂದೇ ಎಳೆ ಮಾಡಿಕೊಂಡೆ. ಹರಿದ ಗೆರೆಗೆ ಅಡ್ಡವಾಗಿ ಉದ್ದ ಎಳೆ ಹಾಸಿ, ಅಲ್ಲಲ್ಲಿ ಪುಟ್ಟ ಹೊಲಿಗೆಯಿಂದ ಅದನ್ನು ಹಿಡಿದೆ. ಎಳೆಯಿಂದ ಎಳೆಗೆ 3 ಮಿ.ಮೀ. ಅಂತರ.

ಮೊದಲ ಸಂಜೆಯ ಕೆಲಸವನ್ನೆಲ್ಲ ಬಿಚ್ಚಬೇಕಾಯಿತು. ದಾರ ಬಿಗಿಯಾಗಿ ಎಳೆದಿದ್ದೆ, ಬಟ್ಟೆ ಸುಕ್ಕಾಗಿ ಹರಿದ ತುಟಿ ಒಂದರ ಮೇಲೊಂದು ಹತ್ತಿತ್ತು. ಎರಡನೇ ಸಲ ಪ್ರತಿ ಹೊಲಿಗೆ ಆದಮೇಲೆ ಬೆರಳಿನಿಂದ ಸವರಿ ಸ್ವಲ್ಪ ಸಡಿಲ ಬಿಟ್ಟೆ. ನಾಲ್ಕು ಬೆರಳಿಗೆ ಮೂರು ಸಂಜೆ ಹಿಡಿಯಿತು.

ಜರಿಗೆ ಕೈ ಹಚ್ಚಲಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿ, ಟೂತ್‌ಪೇಸ್ಟ್ ಹಚ್ಚಿ ಎಂದೆಲ್ಲ ಸಲಹೆ ಬಂದವು. ದಯವಿಟ್ಟು ಯಾರೂ ಮಾಡಬೇಡಿ. ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಸುತ್ತಿದ ಬೆಳ್ಳಿಯ ತಂತಿ, ಅದರ ಮೇಲೆ ಚಿನ್ನದ ಲೇಪ. ಆ ಲೇಪ ಎಷ್ಟು ತೆಳು ಎಂದು ತಿಳಿಯಬೇಕಾದರೆ ಮೈಸೂರು ಸಿಲ್ಕ್ ನೋಡಿ. ಅದರ ಜರಿಯಲ್ಲಿ ಬೆಳ್ಳಿ 65%, ಚಿನ್ನ 0.65%. ಉಜ್ಜಿದರೆ ಕಪ್ಪಿಗಿಂತ ಮೊದಲು ಹೋಗುವುದು ಚಿನ್ನ. ಕಪ್ಪಾದ ಜರಿಯನ್ನು ಬೆಳಕಿನಿಂದ ಎತ್ತುವುದು ಹೇಗೆಂದು ಮುಂದೆ ಹೇಳುತ್ತೇನೆ.

9 ದಿನ: ಕನ್ನಡಿಯ ಜೊತೆ ಒಂದು ಮಧ್ಯಾಹ್ನ

ತೇಗದ ಚೌಕಟ್ಟಿನ ಹಳೆಯ ನಿಲುವುಗನ್ನಡಿ ಬಾಡಿಗೆಗೆ ಸಿಕ್ಕಿತು. ಛಾಯಾಗ್ರಾಹಕ ಗೆಳೆಯನೂ ನಾನೂ ಅವನ ಸ್ಟುಡಿಯೋದಲ್ಲಿ ಅಳತೆ ನೋಡಲು ಕೂತೆವು. ಮಾಡೆಲ್ ಜಾಗದಲ್ಲಿ ನಾನೇ ನಿಂತೆ, ಬೆನ್ನಿಗೆ ಒಂದು ಬಿಳಿ ಟವೆಲ್ ಜಡೆಯಂತೆ ಇಳಿಬಿಟ್ಟುಕೊಂಡು.

ಮೊದಲ ಫೋಟೊದಲ್ಲಿ ಮುಖ ಚೊಕ್ಕ, ಟವೆಲ್ ಮಸುಕು. ಕಾರಣ ಸರಳ. ಕನ್ನಡಿಯೊಳಗಿನ ಜಡೆ ಕ್ಯಾಮೆರಾಗೆ ಕನ್ನಡಿಯಷ್ಟು ದೂರದಲ್ಲಿ ಇರುವುದಿಲ್ಲ. ಕ್ಯಾಮೆರಾದಿಂದ ಕನ್ನಡಿಗೆ ಎಷ್ಟು, ಕನ್ನಡಿಯಿಂದ ಜಡೆಗೆ ಎಷ್ಟು, ಎರಡನ್ನೂ ಕೂಡಿಸಬೇಕು. ಮುಖ ಮೂರು ಮೀಟರ್‌ನಲ್ಲಿದ್ದರೆ ನಮ್ಮ ಜಡೆ ನಾಲ್ಕು ಮೀಟರ್‌ನಾಚೆ ಇತ್ತು. 50 ಮಿ.ಮೀ. ಲೆನ್ಸ್, ಅಪರ್ಚರ್ (ಲೆನ್ಸ್ ಬೆಳಕು ಬಿಡುವ ಕಿಂಡಿ) 2.8 ಇಟ್ಟು ಮುಖಕ್ಕೆ ಫೋಕಸ್ ಮಾಡಿದರೆ ಚೊಕ್ಕವಾಗಿ ಬರುವುದು ಮುಖದ ಹಿಂದೆ ಒಂದು ಅಡಿಯವರೆಗೆ ಮಾತ್ರ. ಆ ಕಿಂಡಿಯನ್ನು ಕಿರಿದು ಮಾಡಿ ಅಪರ್ಚರ್ 11ಕ್ಕೆ ತಂದು, ಫೋಕಸ್ ಅನ್ನು ಮುಖಕ್ಕೂ ಜಡೆಗೂ ನಡುವೆ, ಮೂರೂವರೆ ಮೀಟರ್‌ಗೆ ಇಟ್ಟೆವು. ಎರಡೂ ಬಂದವು. ಆದರೆ ಬೆಳಕು ಸುಮಾರು ಹದಿನಾರು ಪಟ್ಟು ಬೇಕಾಯಿತು.

ಕ್ಯಾಮೆರಾ ಕನ್ನಡಿಗೆ ನೇರವಾಗಿ ನಿಂತರೆ ಅದೇ ಕಾಣುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿಸಿದೆವು. ತುಂಬಾ ಸರಿದರೆ ಗಾಜಿನ ಮುಂದಿನ ಮೈಯಲ್ಲೂ ಒಂದು ತೆಳು ಬಿಂಬ ಮೂಡಿ ಎರಡೆರಡು ಗೆರೆ ಕಾಣುತ್ತವೆ. ಕನ್ನಡಿಯ ಕೆಳಗೆ ಒಂದು ಕಡೆ ಮರದ ಚಕ್ಕೆ ತುರುಕಿ ಒಂದಿಷ್ಟು ವಾಲಿಸಿದ ಮೇಲೆ ಸರಿಹೋಯಿತು. ಕನ್ನಡಿಗೆ ಎದುರಾಗಿ ಬೀಳುವ ಇಡೀ ಗೋಡೆಗೆ ಕಪ್ಪು ಬಟ್ಟೆ ಇಳಿಬಿಟ್ಟೆವು. ನೆಲಕ್ಕೆ ಟೇಪ್ ಅಂಟಿಸಿ ಎಲ್ಲದರ ಜಾಗ ಗುರುತು ಮಾಡಿ ಬಂದೆವು. ಮೊಗ್ಗು ಕಾಯುವುದಿಲ್ಲ, ಶೂಟ್ ದಿನ ಇದಕ್ಕೆಲ್ಲ ಸಮಯ ಸಿಗುವುದಿಲ್ಲ.

ಶೂಟ್ ದಿನ: ಬೆಳಗಿನ ಜಾವ ನಾಲ್ಕು ಗಂಟೆ

ಕೆ.ಆರ್. ಮಾರ್ಕೆಟ್. ಆ ಹೊತ್ತಿಗೆ ಹೂವಿನ ಮೂಟೆಗಳು ಬಂದು ಬೀಳುತ್ತಿರುತ್ತವೆ. ಜಡೆಗೆ ಬೇಕಾದದ್ದು ದುಂಡು ಮಲ್ಲಿಗೆಯ ಬಲಿತ ಮೊಗ್ಗು. ಎಳೆಯದಾದರೆ ಹಸಿರು ಮಿಶ್ರಿತ ಬಿಳಿ ಇರುತ್ತದೆ, ತೀರಾ ಬಲಿತಿದ್ದರೆ ಮಧ್ಯಾಹ್ನಕ್ಕೇ ಬಾಯಿ ಬಿಡುತ್ತದೆ. ಬೆರಳಲ್ಲಿ ಒತ್ತಿದರೆ ಗಟ್ಟಿಯಾಗಿರಬೇಕು. ಒಂದು ಕೆ.ಜಿ. ಮೊಗ್ಗು, ಕಾಲು ಕೆ.ಜಿ. ಕಾಕಡ, ಕನಕಾಂಬರ, ಮರುಗ, ಎರಡು ಬಾಳೆ ಪಟ್ಟೆ ತಗೊಂಡೆ.

ಜಡೆ ಕಟ್ಟಲು ಗಾಂಧಿ ಬಜಾರ್ ಕಡೆಯ ಒಬ್ಬರು ಅಮ್ಮ ಬಂದಿದ್ದರು. ಬಾಳೆ ಪಟ್ಟೆಯನ್ನು ಜಡೆಯ ಉದ್ದಕ್ಕೆ ಕತ್ತರಿಸಿದರು, ಮೇಲೆ ನಾಲ್ಕು ಬೆರಳು ಅಗಲ, ಕೆಳಗೆ ಬರುತ್ತಾ ಎರಡು. ಮೊಗ್ಗಿನ ತೊಟ್ಟಿಗೆ ಸೂಜಿ ಚುಚ್ಚಿ ಒಂದರ ಪಕ್ಕ ಒಂದು ಪೋಣಿಸಿ, ಆ ಸಾಲನ್ನು ಪಟ್ಟೆಗೆ ಹೊಲಿಯುತ್ತಾ ಹೋದರು. ತುದಿಗಳು ಹೊರಗೆ, ತೊಟ್ಟುಗಳು ನಡುವಿಗೆ. ಎಡ ಬಲ ಸಾಲು ಸೇರುವ ನಡುಗೆರೆಯಲ್ಲಿ ತೊಟ್ಟು ಕಾಣುತ್ತದೆ, ಅದನ್ನು ಕನಕಾಂಬರದ ಸಾಲು ಮುಚ್ಚುತ್ತದೆ.

ನಾನೂ ಒಂದು ಗೇಣು ಕಟ್ಟಿದೆ. ಅವರು ನೋಡಿ, 'ಮೊಗ್ಗು ಎಲ್ಲ ಒಂದೇ ಸೈಜ್ ಆರಿಸ್ಕೊಳಿ ಅಮ್ಮಾ. ದೊಡ್ಡದು ಮೇಲೆ, ಸಣ್ಣದು ಕೆಳಗೆ. ಆಗ ಜಡೆ ತಾನಾಗೇ ಇಳಿಯತ್ತೆ' ಎಂದರು. ನನ್ನ ಗೇಣು ಬಿಚ್ಚಿ ಅವರೇ ಮತ್ತೆ ಕಟ್ಟಿದರು. ಆರಿಸುವುದಕ್ಕೇ ಒಂದು ಗಂಟೆ ಬೇಕು ಎಂದು ಅಲ್ಲಿ ತಿಳಿಯಿತು. ಅವರ ಬೆರಳು ಮೊಗ್ಗು ಮುಟ್ಟಿದ ಕೂಡಲೇ ಅದರ ಜಾಗ ಗೊತ್ತು ಮಾಡುತ್ತಿತ್ತು. ಅಚ್ಚಿನ ಪುಟದಲ್ಲಿ ಅವರ ಹೆಸರನ್ನು ಛಾಯಾಗ್ರಾಹಕನ ಹೆಸರಿನ ಜೊತೆಯಲ್ಲೇ, ಅದೇ ಅಕ್ಷರದ ಗಾತ್ರದಲ್ಲಿ ಹಾಕಿಸಿದ್ದೇನೆ. ಹೇರ್ ಎಂಬ ಒಂದು ಪದದ ಕೆಳಗೆ ಅಡಗಿಸುವ ಕೆಲಸ ಅಲ್ಲ ಅದು.

ಹತ್ತೂವರೆಗೆ ಜಡೆ ಸಿದ್ಧ. ತಟ್ಟೆಯಲ್ಲಿಟ್ಟು, ಐಸ್ ಇಟ್ಟ ಡಬ್ಬದ ಮೇಲೆ ಇರಿಸಿ, ಒದ್ದೆ ಬಟ್ಟೆ ಹಿಂಡಿ ಮೊಗ್ಗಿಗೆ ತಾಗದಂತೆ ಮೇಲೆ ಕಮಾನು ಮಾಡಿ ಮುಚ್ಚಿದೆ. ನೀರು ನೇರವಾಗಿ ತಾಗಿ ಕೂತರೆ ಮೊಗ್ಗು ಕಂದು ಬಣ್ಣಕ್ಕೆ ತಿರುಗುತ್ತದೆ.

ಮಾಡೆಲ್ ಕೂದಲು ಭುಜದವರೆಗೆ. ಚೌರಿ ಸೇರಿಸಿ ಬಿಗಿ ಜಡೆ ಹೆಣೆದು, ಅದರ ಮೇಲೆ ಪಟ್ಟೆಯನ್ನು ಐದು ಕಡೆ ಹೊಲಿದೆವು. ಪಿನ್ ಮಾತ್ರ ನಂಬಬೇಡಿ. ಹೂವಿನ ಜಡೆಗೆ ತೂಕ ಇದೆ, ಅರ್ಧ ಗಂಟೆಯಲ್ಲಿ ಜಾರುತ್ತದೆ.

ಅಷ್ಟರಲ್ಲಿ ಒಂದು ತಪ್ಪು ಕಣ್ಣಿಗೆ ಬಿತ್ತು. ಧಾರೆಗೆ ಮೊದಲಿನ ಚಿತ್ರ ಅದು, ಮಾಡೆಲ್ ಕಾಲಿನಲ್ಲಿ ಕಾಲುಂಗುರ ಇದೆ. ಒಡವೆ ಕಳಿಸಿದ ಅಂಗಡಿಯವರು ಸೆಟ್‌ನಲ್ಲಿ ಇಟ್ಟಿದ್ದರು, ಸಹಾಯಕಿ ತೊಡಿಸಿದ್ದಳು. ಸೀರೆ ಅಂಚಿನ ಕೆಳಗೆ ಎರಡು ಬೆರಳು ಮಾತ್ರ ಕಾಣುತ್ತಿತ್ತು. ಆದರೂ ತೆಗೆಸಿದೆ. ತಾಳಿ, ಕರಿಮಣಿ, ಕಾಲುಂಗುರ ಇವು ಯಾವ ಶಾಸ್ತ್ರದ ನಂತರ ಬರುತ್ತವೋ ಆ ಚಿತ್ರದಿಂದ ಮಾತ್ರ ಕಾಣಬೇಕು. ಓದುವವರು ಸ್ವಂತ ಮದುವೆಯ ನೆನಪಿಟ್ಟುಕೊಂಡೇ ಈ ಪುಟ ನೋಡುತ್ತಾರೆ. ಅವರ ಕಣ್ಣಿಗೆ ಇದು ಬಿದ್ದೇ ಬೀಳುತ್ತದೆ.

ಜರಿಯ ವಿಷಯ. ಮುಂದಿನಿಂದ ಬೆಳಕು ಬಿಟ್ಟರೆ ಕಪ್ಪು ಜರಿ ಮಣ್ಣಿನ ಬಣ್ಣ. ಬೆಳಕನ್ನು ಪಕ್ಕದಿಂದ, ಅಂಚಿಗೆ ಸವರಿದಂತೆ ಬಿಟ್ಟೆವು. ಎದುರು ಬದಿಯಲ್ಲಿ ಬಿಳಿ ಥರ್ಮೋಕೋಲ್ ಹಲಗೆ ಹಿಡಿದಾಗ ಜರಿಯ ಪ್ರತಿ ಎಳೆಯ ಏಣಿನ ಮೇಲೆ ಒಂದು ಬಿಳಿ ಗೆರೆ ಓಡಿತು. ಆ ಗೆರೆ ಇದ್ದರೆ ಕಣ್ಣು ಅದನ್ನು ಲೋಹ ಎಂದು ಓದುತ್ತದೆ.

ಮಧ್ಯಾಹ್ನ ಮೂರಕ್ಕೆ ಕುತ್ತಿಗೆಯ ಹತ್ತಿರ ನಾಲ್ಕೈದು ಮೊಗ್ಗು ಬಾಯಿ ಬಿಟ್ಟವು. ಮೈ ಬಿಸಿ ಅಲ್ಲೇ ಜಾಸ್ತಿ. ಅವನ್ನು ಕಿತ್ತು, ಕಾಕಡದ ಮೊಗ್ಗು ಸೇರಿಸಿದೆವು. ಕಾಕಡಕ್ಕೆ ಪರಿಮಳ ಇಲ್ಲ, ಆದರೆ ಸುಲಭಕ್ಕೆ ಬಾಡುವುದಿಲ್ಲ. ನಾಲ್ಕೂವರೆಗೆ ಕೊನೆಯ ಚಿತ್ರ. ದೀಪ ಆರಿಸಿದ ಮೇಲೆ ಸ್ಟುಡಿಯೋ ತುಂಬ ಮಲ್ಲಿಗೆ ವಾಸನೆ.

ಕೊಡಗಿನ ಮತ್ತು ಇಳಕಲ್ ಚಿತ್ರಗಳನ್ನು ಮಾರನೆಯ ದಿನ ಮುಗಿಸಿದೆವು. ಅವು ಸಲೀಸಾಗಿ ಬಂದವು. ಒಂದೇ ಮಾತು: ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ (ಮಗ್ಗದ ಉದ್ದೆಳೆಗಳು) ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ತೋಪು ತೆನೆ ಸೆರಗಿನ ಕೆಂಪು ಬಿಳಿ ಗೋಪುರಗಳು ಪೂರ್ತಿ ಕಾಣಲಿ ಎಂದು ಸೆರಗನ್ನು ಬೆನ್ನ ಮೇಲೆ ಅಗಲವಾಗಿ ಹರಡಿ, ಆ ಕೊಂಡಿಯ ಗೆರೆ ಭುಜದ ಮೇಲೆ ನೇರವಾಗಿ ಕೂರುವಂತೆ ಹಿಡಿದೆ.

ಪುಟ ಕಟ್ಟುವಾಗ

ಪುಟ ವಿನ್ಯಾಸದ ಹುಡುಗ ಬುದ್ಧಿವಂತ. ಮೊದಲ ಜೋಡಿ ಪುಟದಲ್ಲಿ ಇಬ್ಬರು ಮದುವಣಗಿತ್ತಿಯರೂ ಹೊರಗೆ ನೋಡುತ್ತಿದ್ದಾರೆ, ಒಂದನ್ನು ತಿರುಗಿಸಿದರೆ ಎದುರುಬದುರಾಗುತ್ತಾರೆ ಎಂದು ಕೊಡಗಿನ ಚಿತ್ರವನ್ನು ಎಡಬಲ ಮಾಡಿ ತೋರಿಸಿದ. ನೋಡಲು ಚೆಂದವೇ. ಆದರೆ ಬಲ ಭುಜದ ಸೆರಗು ಎಡಕ್ಕೆ ಬಂದಿತ್ತು. ಕೊಡವ ಉಡುಗೆ ಅದಲ್ಲ. ಧಾರೆ ಸೀರೆಯ ಚಿತ್ರ ತಿರುಗಿಸಿದರೂ ಅಷ್ಟೇ, ಎಡ ಭುಜದ ಸೆರಗು ಬಲಕ್ಕೆ ಹೋಗುತ್ತದೆ. ಸೀರೆ ಉಟ್ಟ ಚಿತ್ರವನ್ನು ಯಾವತ್ತೂ ಎಡಬಲ ತಿರುಗಿಸಬಾರದು. ಪುಟಗಳ ಕ್ರಮ ಬದಲಿಸಿ ಇಬ್ಬರನ್ನೂ ಒಳಮುಖ ಮಾಡಿದೆವು.

ಕನ್ನಡಿ ಇರುವ ಚಿತ್ರದಲ್ಲಿ ಅವನಿಗೊಂದು ಅನುಮಾನ ಬಂತು, ಬಿಂಬ ತಿರುಗಿರುತ್ತದಲ್ಲ, ಸೆರಗು ತಪ್ಪು ಕಾಣುವುದಿಲ್ಲವೇ ಎಂದು. ಒಳ್ಳೆಯ ಪ್ರಶ್ನೆ. ಅವಳ ಎಡ ಭುಜ ನಮ್ಮ ಬಲಕ್ಕಿದೆ, ಕನ್ನಡಿಯಲ್ಲೂ ಬಲಕ್ಕೇ ಇದೆ. ಮುಖದಿಂದ ಬೆನ್ನಿಗೆ ಸೆರಗು ಒಂದೇ ಕಡೆಯಲ್ಲಿ ಹರಿಯುತ್ತದೆ. ಆ ಹಳೆಯ ಸ್ಟುಡಿಯೋ ಫೋಟೊಗಳು ಕಣ್ಣಿಗೆ ಅಷ್ಟು ಹಿತವಾಗಿರಲು ಇದೂ ಒಂದು ಕಾರಣ ಎನ್ನಿಸಿತು.

ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಜಡೆ ಸರಿಯಾಗಿ ನಡುವೆ ಬಂದಿತ್ತು. ಅಂಟು ಬೈಂಡಿಂಗ್ ಆದ್ದರಿಂದ ನಡುವಿನ ಸಂದಿ ಎರಡೂ ಕಡೆ ಒಂದೊಂದು ಸೆಂಟಿಮೀಟರ್ ನುಂಗುತ್ತದೆ. ಐದು ಗಂಟೆ ಕಟ್ಟಿದ ಜಡೆ ಆ ಸಂದಿಗೆ ಹೋಗುವುದು ನನಗೆ ಸಹಿಸಲಾಗಲಿಲ್ಲ. ಚಿತ್ರವನ್ನು ಸರಿಸಿ ಜಡೆ ಪೂರ್ತಿ ಬಲಪುಟಕ್ಕೆ ಬರುವಂತೆ ಮಾಡಿ, ಎಡಪುಟದ ಖಾಲಿ ಗೋಡೆಯ ಮೇಲೆ ಬರಹ ಕೂರಿಸಿದೆವು.

ಮೊದಲ ಪ್ರೂಫ್

ಮಲ್ಲಿಗೆ ಕಾಗದದ ಬಣ್ಣವೇ ಆಗಿಬಿಟ್ಟಿತ್ತು. ಮೊಗ್ಗು ಮೊಗ್ಗಿನ ನಡುವಿನ ಗೆರೆಯೇ ಇಲ್ಲ, ಬಿಳಿ ಪಟ್ಟಿಯೊಂದನ್ನು ಅಂಟಿಸಿದಂತೆ. ಪರದೆಯ ಮೇಲೆ ಬಿಳಿ ಎಂದರೆ ಬೆಳಕು, ಅಚ್ಚಿನಲ್ಲಿ ಬಿಳಿ ಎಂದರೆ ಶಾಯಿ ಇಲ್ಲದ ಕಾಗದ. ಅತಿ ಬೆಳಕಿನ ಭಾಗದಲ್ಲೂ 3ರಿಂದ 5% ಶಾಯಿಯ ಚುಕ್ಕೆ ಉಳಿಯುವಂತೆ ಇಳಿಸಿದಾಗ ಮೊಗ್ಗುಗಳ ಮೈ ಮರಳಿ ಬಂತು. ಸೀರೆಯ ಕೆನೆ ಹಸಿರಿಗೆ ವಾಲಿತ್ತು. ಸಿಯಾನ್ (ಹಸಿರು ನೀಲಿ) ಶಾಯಿ ಒಂದಿಷ್ಟು ತೆಗೆದು ಮಜೆಂಟಾ (ಕಡು ಗುಲಾಬಿ) ಒಂದಿಷ್ಟು ಏರಿಸಿದ ಮೇಲೆ ಹಾಲಿನ ಕೆನೆ ಆಯಿತು. ಹೊಲಿದ ಜಾಗವನ್ನು ಕಂಪ್ಯೂಟರ್‌ನಲ್ಲಿ ಅಳಿಸಿಬಿಡಲೇ ಎಂದು ಕೇಳಿದರು, ಬೇಡ ಎಂದೆ. ಹಾಗೇ ಅಚ್ಚಾಗಿದೆ.

ಪತ್ರಿಕೆ ಬಂದ ದಿನ ಸೀರೆ ವಾಪಸ್ ಕೊಡಲು ಅತ್ತೆ ಮನೆಗೆ ಹೋದೆ. ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸಿ, ಒಗೆದ ಮಲ್ ಪಂಚೆಯಲ್ಲಿ ಸುತ್ತಿದ್ದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಅತ್ತೆ, ಎಂದೆ. ಅವರು ಕನ್ನಡಕ ಹಾಕಿಕೊಂಡು ಪುಟ ತೆರೆದರು. ಮುಖ ನೋಡಲಿಲ್ಲ, ಜಡೆಯನ್ನೂ ಆಮೇಲೆ ನೋಡಿದರು. ಮೊದಲು ಬೆರಳು ಹೋದದ್ದು ಸೀರೆಯ ಅಂಚಿಗೆ.

'ಇಲ್ಲೇ ಕಣೇ. ಮನೆ ತುಂಬಿಸಿಕೊಳ್ಳುವಾಗ ಹೊಸಿಲಿನ ಮೊಳೆಗೆ ಸಿಕ್ಕಿಕೊಂಡಿತ್ತು' ಎಂದರು.